ಗಿಲಾವ್ ಇಲ್ಲದ ಗೋಡೆಯ ಗತ್ತು

ಹುಬ್ಬಳ್ಳಿ ದಾಟಿ ನವಲಗುಂದದ ಹಾದಿ ಹಿಡಿದರೂ ಅಷ್ಟೆ, ಅಣ್ಣಿಗೇರಿಯ ಕಡೆ ಹೊರಳಿದರೂ ಅಷ್ಟೆ. ಹೊಸದಾಗಿ ಎದ್ದ ಖಾನಾವಳಿಯ ಬೋರ್ಡಿನ ಮೇಲೆ ‘ಜವಾರಿ ಊಟ’ ಎಂದಿರುತ್ತದೆ, ಒಳಗೆ ಕೆಂಪು ಇಟ್ಟಂಗಿಯ ಬೋಳು ಗೋಡೆ ಇರುತ್ತದೆ. ಗೋಡೆಗೆ ಆತುಕೊಂಡು ಚಕ್ಕಡಿಯ ಒಂದು ಗಾಲಿ, ಗೂಟಕ್ಕೆ ಬಲ್ಬು ತುರುಕಿದ ಕಂದೀಲು. ಈ ಗೋಡೆ ಈಗ ಖಾನಾವಳಿಯಲ್ಲಿ ನಿಲ್ಲದೆ ಮನೆಯೊಳಕ್ಕೂ ಬಂದಿದೆ. ಕುಂದಗೋಳದಲ್ಲಿ ಮನೆ ಕಟ್ಟಿಸುವ ಮೇಷ್ಟರು, ಬೆಂಗಳೂರಿನಿಂದ ರೊಕ್ಕ ಕಳಿಸುವ ಮಗ, ನಕಾಶೆ ತೆಗೆಯುವ ಇಂಜಿನಿಯರು ಎಲ್ಲರದೂ ಒಂದೇ ಮಾತು: ಉಳಿದ ಗೋಡೆಗಳಿಗೆ ಪುಟ್ಟಿ, ಬಣ್ಣ ಆಗಲಿ, ಡೈನಿಂಗ್ ಹಾಲಿನ ಒಂದು ಗೋಡೆ ಮಾತ್ರ ಗಿಲಾವ್, ಅಂದರೆ ಪ್ಲಾಸ್ಟರ್, ಇಲ್ಲದೆ ಇಟ್ಟಂಗಿ ಕಾಣುವ ಹಾಗೆ ಇರಲಿ. ಯಾಕೆಂದರೆ ಅದು ನ್ಯಾಚುರಲ್ ಅಂತೆ, ಹಳ್ಳಿ ಸೊಗಡಂತೆ, ಮೇಲಾಗಿ ಖರ್ಚೂ ಉಳಿಯುತ್ತದಂತೆ. ಈ ಮಾತುಗಳಲ್ಲಿ ಒಂದಾದರೂ ಎರೆ ಸೀಮೆಯ ನೆಲದ ಮೇಲೆ ನಿಲ್ಲುತ್ತದೆಯೇ ಎಂದು ಯಾರೂ ನಿಂತು ಕೇಳುತ್ತಿಲ್ಲ.

ಮೊದಲು ಸೊಗಡಿನ ಮಾತು. ಬೋಳು ಇಟ್ಟಂಗಿಯ ಗೋಡೆ ನಮ್ಮ ಹಳ್ಳಿಗಳಲ್ಲಿ ಇದೆ, ಇಲ್ಲವೆಂದಿಲ್ಲ. ಅದು ಎಲ್ಲಿದೆ ಎಂದು ನೋಡಬೇಕು. 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದ ತಾಲ್ಲೂಕಿನ ಮಣ್ಣಿನ ಮನೆಗಳು ಕುಸಿದಾಗ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ರೊಕ್ಕ ಬಂದದ್ದು ಕಂತಿನಲ್ಲಿ. ಬುನಾದಿಗೊಂದು ಫೋಟೋ, ಲಿಂಟಲ್ಲಿಗೊಂದು ಫೋಟೋ, ಸ್ಲ್ಯಾಬಿಗೊಂದು ಫೋಟೋ; ಪ್ರತಿ ಹಂತಕ್ಕೂ ಜಿಪಿಎಸ್ ಸಾಕ್ಷಿ ಬೇಕಿತ್ತು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ಕೊಟ್ಟದ್ದು 1.2 ಲಕ್ಷ, ಅದರದೂ ಇದೇ ಕಥೆ. ಸ್ಲ್ಯಾಬು ಬೀಳುವಷ್ಟರಲ್ಲಿ ಕಂತೂ ಮುಗಿದಿರುತ್ತದೆ, ಸೊಸೈಟಿಯ ಸಾಲವೂ ಮುಗಿದಿರುತ್ತದೆ. ಗಿಲಾವ್ ಮುಂದಿನ ಸುಗ್ಗಿಗೆ ಎಂದು ಬಿಟ್ಟ ಗೋಡೆ ಐದು ಸುಗ್ಗಿ ಕಂಡರೂ ಹಾಗೇ ಇರುತ್ತದೆ. ಆ ಮನೆಯ ಯಜಮಾನತಿಗೆ ಬಂದವರ ಮುಂದೆ ಆ ಗೋಡೆಯದೇ ಸಂಕೋಚ. ‘ಇನ್ನs ಗಿಲಾವ್ ಆಗಿಲ್ರಿ, ಹಂಗs ಐತಿ’ ಎಂದು ತಾನಾಗಿಯೇ ಹೇಳಿ ಚಹಾ ತರಲು ಒಳಗೆ ಹೋಗುತ್ತಾಳೆ. ಹೆದ್ದಾರಿಯ ಖಾನಾವಳಿ ಹಳ್ಳಿಯ ಸೊಗಡು ಎಂದು ತೋರಿಸುತ್ತಿರುವುದು ಈ ಗೋಡೆಯನ್ನು. ಅವಳ ಮನೆಯಲ್ಲಿ ರೊಕ್ಕ ಸಾಲದೆ ಉಳಿದದ್ದು ಇಲ್ಲಿ ರೊಕ್ಕ ಹೆಚ್ಚಾಗಿ ಬಂದಿದೆ.

ಹಳೆಯ ಮನೆಗಳ ಗೋಡೆ ಹೇಗಿತ್ತು ಎಂಬುದಕ್ಕೆ ಪುಸ್ತಕ ಬೇಡ, ಊರಿನ ಹಳೆಯ ಓಣಿಗೆ ಹೋದರೆ ಇನ್ನೂ ನಾಲ್ಕಾರು ನಿಂತಿವೆ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಕೆಲವು ಕಡೆ ಬುಡಕ್ಕೆ ಕಲ್ಲು, ಮೇಲೆ ಮಣ್ಣು ಹೊದೆಸಿದ ಮಾಳಿಗೆ. ಕಿಟಕಿ ಕಡಿಮೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಆ ಬೆಳಕಿಂಡಿಯಿಂದ ಬಿದ್ದ ಒಂದು ಹಿಡಿ ಬೆಳಕನ್ನು ಪಡಸಾಲೆಗೂ ಅಡುಗೆಮನೆಗೂ ಹಂಚುವ ಕೆಲಸ ಗೋಡೆಯದು. ಅದಕ್ಕೇ ಸುಣ್ಣ. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ವಾಪಸು ಕೊಡುತ್ತದೆ. ಕೆಂಪು ಇಟ್ಟಂಗಿ ಕೊಡುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು, ಉಳಿದದ್ದನ್ನು ನುಂಗುತ್ತದೆ. ಗೋಡೆಯ ಬುಡಕ್ಕೆ ಒಂದು ಗೇಣು ಕೆಮ್ಮಣ್ಣಿನ ಕಾರಣೆ ಎಳೆಯುತ್ತಿದ್ದರು. ಕರಿಯ ನೆಲದ ಊರಿನಲ್ಲಿ ಕೆಂಪು ಎಂದರೆ ಅಷ್ಟೇ, ಒಂದು ಗೇಣು. ನೆಲದಿಂದ ಸಿಡಿಯುವ ಕೊಳೆ ಅಲ್ಲಿ ಕಾಣುತ್ತಿರಲಿಲ್ಲ, ಕಣ್ಣಿಗೂ ಒಂದು ಅಂಚು ಸಿಗುತ್ತಿತ್ತು. ದಸರೆ-ದೀಪಾವಳಿಗೆ ಮುಂಚೆ ಮತ್ತೆ ಸುಣ್ಣ, ಮತ್ತೆ ಕಾರಣೆ. ಗೋಡೆಯೊಳಗಿನ ಮಣ್ಣನ್ನೋ ಕಲ್ಲನ್ನೋ ಬಂದವರ ಕಣ್ಣಿಗೆ ಹಾಕುವುದು ಸೊಗಸು ಎಂದು ಆ ಮನೆಗಳಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಕಲ್ಲನ್ನು ಬರಿದಾಗಿ ಬಿಟ್ಟ ಜಾಗ ಉಂಟು, ಅದು ಅಣ್ಣಿಗೇರಿಯ ಅಮೃತೇಶ್ವರ ಗುಡಿ. 11ನೆಯ ಶತಮಾನದ ಆ ಗುಡಿಯ ಬಳಪದ ಕಲ್ಲಿನ ಮೇಲೆ ಉಳಿ ಆಡದ ಜಾಗ ಹುಡುಕಬೇಕು. ಕಲ್ಲನ್ನು ಬರಿದಾಗಿ ತೋರಿಸುವ ಅಧಿಕಾರವನ್ನು ಆ ಕೆಲಸಗಾರರು ಅಷ್ಟು ದುಡಿದು ಪಡೆದಿದ್ದರು.

ಬೋಳು ಇಟ್ಟಂಗಿಯ ಪರವಾಗಿ ಮಾತಾಡುವವರು ಕೊನೆಗೆ ವಾಸ್ತುಶಿಲ್ಪಿ ಲಾರಿ ಬೇಕರ್ ಹೆಸರು ತೆಗೆಯುತ್ತಾರೆ. ತೆಗೆಯಲಿ, ಆ ಹೆಸರು ದೊಡ್ಡದೇ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಕುಷ್ಠರೋಗಿಗಳ ಆಸ್ಪತ್ರೆ ಕಟ್ಟಲು ಭಾರತಕ್ಕೆ ಬಂದು, ಇಲ್ಲಿಯವರೇ ಆಗಿ 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡವರು. ಗಿಲಾವ್ ಬೇಡ ಎಂದವರು ನಿಜವಾಗಿ ಅವರೇ. ಯಾಕೆ ಬೇಡ ಎಂದರು? ಬಡವನ ಮನೆಯ ಖರ್ಚಿನಲ್ಲಿ ಗಿಲಾವ್ ದೊಡ್ಡ ತುತ್ತು, ಅದನ್ನು ಬಿಟ್ಟರೆ ಅದೇ ರೊಕ್ಕದಲ್ಲಿ ಇನ್ನೊಂದು ಖೋಲಿ ಏಳುತ್ತದೆ ಎಂಬ ಲೆಕ್ಕ. ಇಟ್ಟಂಗಿಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ರ್‍ಯಾಟ್-ಟ್ರ್ಯಾಪ್ ಬಾಂಡಿನಿಂದ ನಾಲ್ಕರಲ್ಲಿ ಒಂದು ಪಾಲು ಇಟ್ಟಂಗಿ ಉಳಿಸಿದರು. ಆ ಪೊಳ್ಳು ಬಿಸಿಲಿನ ಕಾವನ್ನೂ ತಡೆಯುತ್ತಿತ್ತು. ಅವರ ಗೋಡೆ ಬೋಳಾಗಿದ್ದದ್ದು ಲೆಕ್ಕದಿಂದ; ಅಂದ ಅದರ ಹಿಂದೆ ಬಂತು.

ಬೇಕರ್ ಆ ಲೆಕ್ಕ ಕಲಿತದ್ದು ಗಾಂಧೀಜಿಯಿಂದ. ಆದರ್ಶ ಹಳ್ಳಿಯ ಮನೆಗೆ ಬೇಕಾದ ಸಾಮಾನೆಲ್ಲ ಆ ಜಾಗದಿಂದ ಐದು ಮೈಲಿಯೊಳಗೆ ಸಿಗುವಂಥದ್ದಾಗಿರಬೇಕು ಎಂದು ಗಾಂಧೀಜಿ ತಮಗೆ ಹೇಳಿದ್ದನ್ನು ಅವರು ಜೀವನವಿಡೀ ನೆನೆದರು. ಈಗ ನವಲಗುಂದದ ಗುಡ್ಡದ ಮೇಲೆ ನಿಂತು ಸುತ್ತ ಐದು ಮೈಲಿ ನೋಡಿರಿ. ಕರಿಯ ಎರೆ, ಕಣ್ಣು ಹರಿದಷ್ಟೂ ಎರೆ. ಈ ಮಣ್ಣಿನಲ್ಲಿ ಹತ್ತಿ ಬರುತ್ತದೆ, ಬಿಳಿಜೋಳ, ಕಡಲೆ, ಕುಸುಬಿ ಬರುತ್ತವೆ. ಒಳ್ಳೆಯ ಇಟ್ಟಂಗಿ ಬರುವುದಿಲ್ಲ. ಒದ್ದೆಯಾದರೆ ಉಬ್ಬುವ, ಒಣಗಿದರೆ ಬಿರಿಯುವ ಜಿಗುಟು ಮಣ್ಣು ಅಚ್ಚಿನಿಂದ ತೆಗೆದು ಬಿಸಿಲಿಗಿಟ್ಟರೆ ಭಟ್ಟಿ ಕಾಣುವ ಮೊದಲೇ ಸೀಳಿರುತ್ತದೆ. ಇಟ್ಟಂಗಿ ಬರಬೇಕಾದ್ದು ಕೆಂಪು ನೆಲದ ಪಡುವಲ ಕಡೆಯಿಂದ. ಹಾಗೆ ಬಂದ ನಾಡ ಭಟ್ಟಿಯ ಇಟ್ಟಂಗಿಯೂ ಬಿಚ್ಚಿ ತೋರಿಸಲು ಆಗದು. ಒಂದು ಅರೆಬೆಂದು ಹಳದಿ, ಒಂದು ಹೆಚ್ಚು ಬೆಂದು ಕಪ್ಪು, ಒಂದರ ಮೂಲೆ ಮುರಿದಿರುತ್ತದೆ, ಒಂದು ಸೊಟ್ಟ. ಗಿಲಾವ್ ಇದ್ದರೆ ಅವೆಲ್ಲ ಒಳ್ಳೆಯ ಗೋಡೆಯೇ. ತೋರಿಸಬೇಕೆಂದರೆ ಯಂತ್ರದಲ್ಲಿ ತಂತಿಯಿಂದ ಕೊಯ್ದ ಇಟ್ಟಂಗಿಯೇ ಆಗಬೇಕು. ಅದಕ್ಕೆ ಹೆಸರಾದ ಊರು ಕೋಲಾರ ಜಿಲ್ಲೆಯ ಮಾಲೂರು, ಇಲ್ಲಿಂದ 450 ಕಿಲೋಮೀಟರಿಗೂ ದೂರ. ಐದು ಮೈಲಿಯ ಮಾತಾಡಿದವರ ಹೆಸರಿನಲ್ಲಿ ಲಾರಿಗಟ್ಟಲೆ ಇಟ್ಟಂಗಿ ಅಷ್ಟು ದೂರದಿಂದ ಬಂದು ಇಳಿಯುವುದನ್ನು ನೋಡಿದರೆ ಬೇಕರ್ ನಗುತ್ತಿದ್ದರೋ ಬಯ್ಯುತ್ತಿದ್ದರೋ.

ಇಷ್ಟಾದರೂ ನಿಜವಾದ ಇಟ್ಟಂಗಿಯ ಮಾತಾಯಿತು. ಈಚೆಗೆ ನಡೆದಿರುವುದು ಇನ್ನೂ ತಮಾಷೆಯದು. ಹೆಚ್ಚಿನ ಕಡೆ ಕಾಣುವುದು ಇಟ್ಟಂಗಿಯೇ ಅಲ್ಲ, ಬೆರಳ ದಪ್ಪದ ಇಟ್ಟಂಗಿ ಟೈಲು. ಅದನ್ನು ಹಚ್ಚುವ ಬಗೆಯನ್ನು ಗೌಂಡಿಯ ಬಾಯಲ್ಲೇ ಕೇಳಬೇಕು: ‘ಮೊದ್ಲ ಗ್ವಾಡಿ ಕಟ್ಟೂದ್ರಿ, ಆಮ್ಯಾಲ ಗಿಲಾವ್ ಮಾಡೂದು, ಅದು ಒಣಗಿಂದ ಗಮ್ ಹಚ್ಚಿ ಇಟ್ಟಂಗಿ ಅಂಟಸೂದ್ರಿ. ಗಿಲಾವ್ ಇಲ್ದಂಗ ಕಾಣಬೇಕಲ್ರಿ ಮತ್ತ!’ ಅಂದರೆ ಗಿಲಾವಿನ ಖರ್ಚು ಉಳಿಯಲಿಲ್ಲ. ಅದರ ಮೇಲೆ ಅಂಟಿನ ಖರ್ಚು, ಟೈಲಿನ ಖರ್ಚು, ಸಂದು ತುಂಬಿದ ಖರ್ಚು, ಮೇಲೆ ಸೀಲರ್ ಹೊಡೆದ ಖರ್ಚು. ಆ ಸೀಲರನ್ನೂ ಕೆಲವು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು. ‘ಸುಣ್ಣದ ರಗಳೆ ಯಾರಿಗೆ ಬೇಕು’ ಎಂದವರೇ ಡಬ್ಬಿಯ ರಾಸಾಯನಿಕ ಕೊಂಡು ಅದೇ ರಗಳೆಯನ್ನು ದುಬಾರಿ ಬೆಲೆಗೆ ಮನೆಗೆ ಕರೆದಿದ್ದಾರೆ. ಅದು ನ್ಯಾಚುರಲ್ಲೂ ಆಯಿತು! ಇಟ್ಟಂಗಿಯ ಗೋಡೆ ಉಸಿರಾಡುತ್ತದೆ ಎಂದು ಹೊಗಳುವುದು, ಹೊಗಳಿ ಅದರ ಮೂಗಿಗೆ ಪ್ಲಾಸ್ಟಿಕ್ ಬಳಿಯುವುದು.

ಹಾಗಾದರೆ ಈ ರುಚಿ ಬಂದದ್ದೆಲ್ಲಿಂದ? ಬೇಕರ್‌ರಿಂದ ಅಲ್ಲ. ಕಳೆದ ಶತಮಾನದ ಐವತ್ತು-ಅರವತ್ತರ ದಶಕದಲ್ಲಿ ನ್ಯೂಯಾರ್ಕಿನ ಸೋಹೋ ಎಂಬ ಪೇಟೆಯಲ್ಲಿ ಸಣ್ಣ ಕಾರ್ಖಾನೆಗಳು, ಗೋದಾಮುಗಳು ಖಾಲಿಯಾದವು. ಬಾಡಿಗೆ ಕಡಿಮೆ ಎಂದು ಚಿತ್ರಕಾರರು ಆ ದೊಡ್ಡ ಅಟ್ಟಗಳಲ್ಲಿ ಕದ್ದುಮುಚ್ಚಿ ವಾಸಕ್ಕಿಳಿದರು. 1971ರಲ್ಲಿ ಕಲಾವಿದರು ಅಲ್ಲಿ ಇರಬಹುದೆಂದು ಕಾನೂನೂ ಆಯಿತು. ಗೋಡೆ ಬೋಳಾಗಿದ್ದದ್ದು ಅದು ಕಾರ್ಖಾನೆಯಾದ್ದರಿಂದ. ಅವರ ಹಿಂದೆ ರೊಕ್ಕಸ್ಥರು ಬಂದರು, ಚಿತ್ರಕಾರರು ಬಾಡಿಗೆ ಕಟ್ಟಲಾರದೆ ಹೊರಬಿದ್ದರು, ಗೋಡೆ ಮಾತ್ರ ಫ್ಯಾಶನ್ನಾಗಿ ಪತ್ರಿಕೆ, ಸಿನಿಮಾ, ಕಾಫಿ ಅಂಗಡಿಗಳ ಮೂಲಕ ಲೋಕ ಸುತ್ತಿತು. ಸುತ್ತಿ ಸುತ್ತಿ ನಮ್ಮ ಹೆದ್ದಾರಿಗೆ ಬರುವಷ್ಟರಲ್ಲಿ ನ್ಯೂಯಾರ್ಕಿನ ಕಾರ್ಖಾನೆಯ ಗೋಡೆ ನವಲಗುಂದದ ಹಳ್ಳಿಯ ಗೋಡೆಯಾಗಿ ಹೋಗಿತ್ತು. ಕಾರ್ಖಾನೆಯ ನೆನಪೇ ಬೇಕಿದ್ದರೆ ನಮ್ಮಲ್ಲೂ ಹುಬ್ಬಳ್ಳಿ-ಗದಗಿನ ಸುತ್ತ ಬಾಗಿಲು ಹಾಕಿದ ಅರಳೆ ಜಿನ್ನುಗಳು ಇದ್ದವು. ಅವುಗಳ ಗೋಡೆ ಉಳಿಸಿ ಅಲ್ಲೊಂದು ಊಟದ ಮನೆ ಮಾಡಿದ್ದರೆ ನಾನು ಮೊದಲ ಪಂಕ್ತಿಯಲ್ಲಿ ಕೂಡುತ್ತಿದ್ದೆ. ಅವನ್ನು ಕೆಡವಿ ಸೈಟು ಮಾಡಿ, ಪಕ್ಕದಲ್ಲಿ ಟೈಲು ಅಂಟಿಸುವುದಕ್ಕೆ ಸಿಗುವ ಮೆಚ್ಚುಗೆ ನನಗೆ ಅರ್ಥವಾಗುವುದಿಲ್ಲ.

ರುಚಿಯ ಮಾತು ಬಿಡೋಣ, ರುಚಿಗೆ ರುಚಿ ಎನ್ನುವವರಿದ್ದಾರೆ. ಊಟದ ಕೋಣೆಯ ಮಾತಿಗೆ ಬರೋಣ. ನಮ್ಮ ಕಡೆ ಊಟಕ್ಕೆಂದೇ ಬೇರೆ ಖೋಲಿ ಇರಲಿಲ್ಲ. ಗಂಡಸರು ಪಡಸಾಲೆಯಲ್ಲಿ ಅಡ್ಡಣಗಿಯ ಮೇಲೆ ಗಂಗಾಳ ಇಟ್ಟುಕೊಂಡು ಉಣ್ಣುತ್ತಿದ್ದರು, ಹೆಂಗಸರು ಎಲ್ಲರದೂ ಆದ ಮೇಲೆ ಒಲೆಯ ಮುಂದೆ. ಈಗ ಡೈನಿಂಗ್ ಹಾಲು ಬಂದು ಅತ್ತೆ-ಸೊಸೆ-ಮೊಮ್ಮಕ್ಕಳು ಒಂದೇ ಟೇಬಲ್ಲಿಗೆ ಕೂಡುವುದಾದರೆ ಅದು ಬಹಳ ಒಳ್ಳೆಯದಾಯಿತು. ಆದರೆ ಆ ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲ, ಒಂದು ಕಮಾನಷ್ಟೇ ಇರುತ್ತದೆ. ಆ ಅಡುಗೆಮನೆಯಲ್ಲಿ ದಿನವೂ ರೊಟ್ಟಿ ಬಡಿಯುತ್ತಾರೆ. ಬಡಿದಾಗ ಏಳುವ ಜೋಳದ ಹಿಟ್ಟಿನ ಧೂಳು ಎಲ್ಲಿ ಇಳಿಯುತ್ತದೆ? ಒಗ್ಗರಣೆಯ ಹೊಗೆ, ಎಣ್ಣಿಗಾಯಿಯ ಮಸಾಲೆ ಹುರಿದ ಘಾಟು, ಕೆಂಪು ಚಟ್ನಿ ಕಲಸಿದ ಕೈ ಒರೆಸುವ ಹುಡುಗರು, ಬೇಸಿಗೆಯ ಗಾಳಿಗೆ ತೂರಿಬರುವ ಎರೆಯ ಧೂಳು ಎಲ್ಲಕ್ಕೂ ಆ ಗೋಡೆಯೇ ಆಸರೆ. ಇಟ್ಟಂಗಿ ಎಂಥ ಹೀರುಬಾಯಿಯದು ಎಂಬುದಕ್ಕೆ ಸರ್ಕಾರಿ ಮಾನಕವೇ ಸಾಕ್ಷಿ: ಸಾಧಾರಣ ಕಟ್ಟಡದ ಇಟ್ಟಂಗಿಯನ್ನು 24 ಗಂಟೆ ತಣ್ಣೀರಿನಲ್ಲಿ ನೆನೆಸಿದರೆ ತೂಕದ ಶೇ. 20ರವರೆಗೆ ನೀರು ಕುಡಿಯಬಹುದು. ಮೂರು ಕಿಲೋದ ಇಟ್ಟಂಗಿ ಅರ್ಧ ಲೀಟರಿಗೂ ಮೇಲೆ ಕುಡಿದರೂ ಪಾಸು. ನೀರು ಕುಡಿಯುವ ಬಾಯಿ ಎಣ್ಣೆಯನ್ನೂ ಅರಿಸಿನವನ್ನೂ ಬಿಡುವುದಿಲ್ಲ, ಒಮ್ಮೆ ಕುಡಿದದ್ದನ್ನು ಒರೆಸಿ ತೆಗೆಯಲೂ ಆಗುವುದಿಲ್ಲ. ಇಟ್ಟಂಗಿಯ ನಡುವಿನ ಸಂದನ್ನು ‘ನೆರಳು ಚೆನ್ನಾಗಿ ಬೀಳಲಿ’ ಎಂದು ಅರ್ಧ ಇಂಚು ಒಳಕ್ಕೆ ಕೆರೆದಿರುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಹಿಟ್ಟು ಮೆತ್ತಗಾಗಿ ಹುಳಿತು ಇರುವೆಗೆ ಸಂತೆ, ಜಿರಳೆಗೆ ಧರ್ಮಛತ್ರ. ಪತ್ರಿಕೆಯ ಫೋಟೋದಲ್ಲಿ ಇದೊಂದೂ ಕಾಣುವುದಿಲ್ಲ, ಯಾಕೆಂದರೆ ಫೋಟೋದ ಡೈನಿಂಗ್ ಹಾಲಿನಲ್ಲಿ ಯಾರೂ ಉಂಡಿರುವುದಿಲ್ಲ.

ಸಂದು ತಿಕ್ಕುವವರು ಯಾರು ಎಂಬ ಪ್ರಶ್ನೆಯನ್ನು ನಾನು ಕೇಳಬೇಕಾಗಿಯೇ ಇಲ್ಲ. ಗೋಡೆ ಬೋಳಾಗಿರಲಿ ಎಂದು ಹಟ ಹಿಡಿದವರಂತೂ ಅಲ್ಲ.

ಇನ್ನು ಉಪ್ಪು. ನವಲಗುಂದದ ಕಡೆ ಬೋರು ಹೊಡೆದರೆ ಬಹಳ ಕಡೆ ಬರುವುದು ಸವಳು ನೀರು. ಅದಕ್ಕೇ ಆ ಊರು ತಲೆತಲಾಂತರದಿಂದ ಕೆರೆಯನ್ನು ನಂಬಿದೆ. ನೀಲಮ್ಮನ ಕೆರೆಯ ನೀರಿಗಿರುವ ಮರ್ಯಾದೆ ಬಾವಿಗಿಲ್ಲ. ಮಲಪ್ರಭೆಯ ಕಾಲುವೆ ಬಂದ ಮೇಲೆ ನೀರು ಕಟ್ಟಿದ ಹೊಲಗಳಲ್ಲಿ ಸವಳು-ಜವಳು ಬೇರೆ. ಕುಡಿಯುವುದಕ್ಕೇ ಕೆರೆಯ ನೀರು ಸಾಲದ ಊರಿನಲ್ಲಿ ಗೋಡೆ ಕಟ್ಟಲು, ಕ್ಯೂರಿಂಗ್ ಮಾಡಲು ಸಿಹಿನೀರು ಎಲ್ಲಿಂದ ತರಬೇಕು? ಬೋರಿನ ನೀರೇ ಗತಿ. ಆ ನೀರಿನ ಉಪ್ಪು, ನೆಲದಿಂದ ಏರುವ ಉಪ್ಪು ಇಟ್ಟಂಗಿಯೊಳಗೆ ಇಳಿದು, ಗೋಡೆ ಒಣಗಿದಂತೆಲ್ಲ ಮೈಮೇಲೆ ಬಿಳಿಯ ಹುಡಿಯಾಗಿ ಏಳುತ್ತದೆ. ಒರೆಸಿದರೆ ಹೋಗುತ್ತದೆ, ಮುಂದಿನ ಥಂಡಿಗೆ ಮತ್ತೆ ಬರುತ್ತದೆ. ಸೀಲರ್ ಹೊಡೆದು ದಾರಿ ಕಟ್ಟಿದರೆ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಂಗಿಯ ಮುಖವನ್ನೇ ಸಿಪ್ಪೆ ಸಿಪ್ಪೆಯಾಗಿ ಉದುರಿಸುತ್ತದೆ. ಗಾರೆಯ ಗಿಲಾವ್ ಇದ್ದಿದ್ದರೆ ಈ ಪೆಟ್ಟನ್ನು ಅದು ತಿನ್ನುತ್ತಿತ್ತು. ಹತ್ತು-ಹದಿನೈದು ವರ್ಷಕ್ಕೆ ಆ ಜಾಗ ಕೆತ್ತಿ ಮತ್ತೆ ಬಳಿದರೆ ಗೋಡೆ ಹೊಸದು. ಗಿಲಾವ್ ಇರುವುದೇ ಗೋಡೆಯ ಬದಲು ತಾನು ಸವೆಯಲಿಕ್ಕೆ.

ಎರೆಯ ಇನ್ನೊಂದು ಗುಣ ಈ ಸೀಮೆಯಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಮತ್ತೆ ಉಬ್ಬಿ ಕೂಡುತ್ತದೆ. ಅದರ ಮೇಲೆ ಕೂತ ಬುನಾದಿ ವರ್ಷಕ್ಕೊಮ್ಮೆ ಕೂದಲೆಳೆಯಷ್ಟಾದರೂ ಏರಿಳಿಯುತ್ತದೆ. ಸಿಮೆಂಟಿನಲ್ಲಿ ಕಟ್ಟಿದ ಇಟ್ಟಂಗಿ ಗೋಡೆ ಕಿಟಕಿಯ ಮೂಲೆಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಸಂದಿನಗುಂಟ ಸೀಳುತ್ತದೆ. ಹಳೆಯ ಮಣ್ಣಿನ ಗೋಡೆಯೂ ಬಿರಿಯುತ್ತಿತ್ತು. ದೀಪಾವಳಿಗೆ ಸಾರಿಸಿ ಸುಣ್ಣ ಬಳಿದರೆ ಮುಗಿಯಿತು. ಬೋಳು ಇಟ್ಟಂಗಿಯ ಗೋಡೆಯಲ್ಲಿ ಆ ಮೆಟ್ಟಿಲನ್ನು ಮುಚ್ಚಲು ಏನೂ ಇಲ್ಲ. ಸಿಮೆಂಟು ತುಂಬಿದರೆ ಗಾಯಕ್ಕೆ ಹಚ್ಚಿದ ಪಟ್ಟಿ ಎದ್ದು ಕಾಣುತ್ತದೆ, ಊಟಕ್ಕೆ ಕೂತಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ.

ಇಷ್ಟು ಹೇಳಿದರೆ ಒಂದು ಸರಿಯಾದ ಆಕ್ಷೇಪ ಬರುತ್ತದೆ. ಸುಣ್ಣ, ಸಾರಣೆ, ಕಾರಣೆ ಎಂದು ಹಾಡುವುದು ಸುಲಭ. ಸೆಗಣಿ-ಮಣ್ಣು ಕಲಸಿ ಸೊಂಟ ಬಗ್ಗಿಸಿದವರು ಹೆಂಗಸರು, ಅಡ್ಡಮಳೆಗೆ ಬಿದ್ದ ಗೋಡೆಯ ಕೆಳಗೆ ಸಿಕ್ಕವರು ಬಡವರು. ಒಪ್ಪಿದೆ. ಮಣ್ಣಿನ ಗೋಡೆಗೆ ಮರಳಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. 2019ರ ಮಳೆ ಕಂಡವರಿಗೆ ಹಾಗೆ ಹೇಳುವ ಬಾಯಿ ಇರಬಾರದು. ಇಟ್ಟಂಗಿಯಲ್ಲೇ ಕಟ್ಟಲಿ, ಸಿಮೆಂಟ್ ಬ್ಲಾಕಿನಲ್ಲೇ ಕಟ್ಟಲಿ. ನನ್ನ ತಕರಾರು ಅದರ ಮೇಲಿನ ಅರ್ಧ ಇಂಚಿನದು. ಸುಣ್ಣದ ಗಾರೆಯ ಗಿಲಾವಿಗೆ ಬೇಕಾದ ವಸ್ತುವೂ ಈ ನೆಲದಲ್ಲೇ ಇದೆ: ಎರೆಯ ಕೆಳಗೆ ಅಗೆದರೆ ಸುಣ್ಣದ ಹರಳು ಸಿಗುತ್ತದೆ. ಹಿಂದಿನವರು ಅದನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು. ಐದು ಮೈಲಿಯ ಲೆಕ್ಕ ಇಲ್ಲಿ ಕೂಡುತ್ತದೆ. ಸುಣ್ಣದ ಕ್ಷಾರಕ್ಕೆ ಬೂಷ್ಟು ಹತ್ತುವುದಿಲ್ಲ, ಗೋಡೆ ನಿಜವಾಗಿಯೇ ಉಸಿರಾಡುತ್ತದೆ, ಒಮ್ಮೆ ಗೌಂಡಿಯ ಕೈಯಲ್ಲಿ ನುಣುಪಾಗಿ ಎಳೆಸಿದರೆ ವರ್ಷ ವರ್ಷ ಯಾರೂ ಸೊಂಟ ಬಗ್ಗಿಸಬೇಕಾಗಿಲ್ಲ. ಈ ಕೆಲಸ ಬಲ್ಲ ಗೌಂಡಿಗಳು ಕಡಿಮೆಯಾಗುತ್ತಿದ್ದಾರೆ ಎಂಬುದು ಖರೆ. ಟೈಲು ಅಂಟಿಸುವುದನ್ನು ನಾಲ್ಕು ದಿನದಲ್ಲಿ ಕಲಿತವರು ಇದನ್ನೂ ಕಲಿತಾರು, ಕೇಳುವವರು ಬೇಕು.

ಕಲಘಟಗಿಯನ್ನು ನಾನು ಈ ಜಗಳದಿಂದ ಸ್ವಲ್ಪ ಹೊರಗಿಡುತ್ತೇನೆ. ಅಲ್ಲಿ ಮಲೆನಾಡಿನ ಸೆರಗು, ನೆಲ ಕೆಂಪು, ನೀರು ಸಿಹಿ, ಹಂಚಿನ ಮಾಡು. ಅಲ್ಲೇ ಸುಟ್ಟ ಇಟ್ಟಂಗಿಯಲ್ಲಿ, ಬೇಕರರ ಲೆಕ್ಕದಲ್ಲಿ, ಚಾಚಿದ ಸೂರಿನ ಕೆಳಗೆ ಹೊರಗೋಡೆಯನ್ನು ಬೋಳಾಗಿ ಬಿಟ್ಟರೆ ಅದಕ್ಕೊಂದು ನ್ಯಾಯವಿದೆ. ಅಲ್ಲಿಯೂ ಅದು ಇಡೀ ಮನೆಯ ಲೆಕ್ಕವಾಗಿರಬೇಕು, ಅತಿಥಿಗಳಿಗೆ ತೋರಿಸಲು ಆರಿಸಿಕೊಂಡ ಒಂದು ಗೋಡೆಯಲ್ಲ. ತೊಟ್ಟಿಲಿಗೆ ಹೆಸರಾದ ಊರು ಅದು. ಕಲಘಟಗಿಯ ಬಡಿಗೇರ ಕಟ್ಟಿಗೆಯನ್ನು ಬೋಳಾಗಿ ಬಿಟ್ಟು ‘ನ್ಯಾಚುರಲ್’ ಎಂದು ಮಾರಲಿಲ್ಲ. ಅರಗಿನ ಬಣ್ಣ ಕೂರಿಸಿ, ಚಿತ್ರ ಬರೆದು, ಮೂರು ತಲೆಮಾರು ತೂಗಿದರೂ ಮಾಸದ ಹಾಗೆ ಮಾಡಿ ಕಳಿಸಿದ.

ಖಾನಾವಳಿಯ ಮಾಲಕರಿಗೆ ಜವಾರಿಯೇ ಬೇಕೆಂದರೆ ಗೋಡೆಗೆ ಸುಣ್ಣ, ಬುಡಕ್ಕೆ ಒಂದು ಗೇಣು ಕೆಮ್ಮಣ್ಣು, ನೆಲಕ್ಕೆ ಫರಸಿ ಸಾಕು. ಉಳಿಯುವ ರೊಕ್ಕಕ್ಕೂ ಒಂದು ದಾರಿಯಿದೆ. ನವಲಗುಂದದಲ್ಲಿ ಹೆಣ್ಣುಮಕ್ಕಳು ನೆಟ್ಟ ಮಗ್ಗದ ಮುಂದೆ ಕೂತು ಹತ್ತಿಯ ಜಮಖಾನ ನೇಯುತ್ತಾರೆ. ಮಗಳು ಮದುವೆಯಾಗಿ ಹೋದರೆ ಕಸುಬೂ ಊರು ಬಿಡುತ್ತದೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದ ಕೆಲಸ ಅದು. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಪಗಡೆಯ ಹಾಸಿನ ಚಿತ್ರ ನೇಯ್ದ ಜಮಖಾನವಂತೂ ಬೇರೆ ಊರಿನಲ್ಲಿ ಕಾಣಸಿಗದು. ಈಗ ನೇಯುವ ಮನೆಗಳು ಬೆರಳೆಣಿಕೆಗೆ ಬಂದಿವೆ, ಕೊಳ್ಳುವವರಿಲ್ಲ ಎಂಬುದೇ ದೊಡ್ಡ ಕಾರಣ. ಒಂದು ಗೋಡೆಯ ಇಟ್ಟಂಗಿ ಟೈಲು, ಅಂಟು, ಸೀಲರಿನ ಬಿಲ್ಲನ್ನು ಎದುರಿಗಿಟ್ಟುಕೊಂಡು, ಅಷ್ಟಕ್ಕೆ ಎಷ್ಟು ಜಮಖಾನ ಬಂದೀತು ಎಂದು ಒಮ್ಮೆ ಆ ಮಗ್ಗದ ಮನೆಗೆ ಹೋಗಿ ಕೇಳಲಿ.